ಆಷಾಢದಲ್ಲಿ ಓದಿದ ಗಂಡ

ಈ ಆಷಾಢದ ಮೊದಲ ಶುಕ್ರವಾರ ಆಫೀಸಿನಲ್ಲಿ ಯಾರೋ ಚಾಮುಂಡಿ ಬೆಟ್ಟದ ಪ್ರಸಾದ ತಂದು ಹಂಚಿದರು. ದೊನ್ನೆಯಲ್ಲಿ ಬಿಸಿಬಿಸಿ ಕೇಸರಿಬಾತು. ಒಣಗಿದ ಎಲೆಗೆ ತುಪ್ಪ ತಾಗಿದಾಗ ಒಂದು ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ನಾನು ದೊನ್ನೆಯನ್ನು ಹಾಗೇ ಮೇಜಿನ ಮೇಲಿಟ್ಟುಬಿಟ್ಟೆ. ಪಕ್ಕದ ಸೀಟಿನ ಹುಡುಗಿ, "ಯಾಕ್ ಮೇಡಂ, ಶುಗರ್ ಇದ್ಯಾ?" ಎಂದಳು. "ಇಲ್ಲ ಕಣಮ್ಮ, ಗಂಡ ಇದಾರೆ" ಎಂದೆ. ಅವಳು ತಮಾಷೆ ಎಂದುಕೊಂಡು ನಕ್ಕಳು. ನಾನೂ ನಕ್ಕೆ. ಆದರೆ ಆ ದಿನವೆಲ್ಲ ನನ್ನ ಮದುವೆಯ ಮೊದಲ ಆಷಾಢವೇ ತಲೆಯಲ್ಲಿ ಸುತ್ತುತ್ತಿತ್ತು.

ಆ ಆಷಾಢದಲ್ಲಿ ಓದಿದಷ್ಟು ಪುಸ್ತಕಗಳನ್ನು ನಾನು ಯಾವ ತಿಂಗಳಲ್ಲೂ ಓದಿಲ್ಲ. ಅಷ್ಟು ಸುಖಪಟ್ಟಿದ್ದೂ ಇಲ್ಲ, ಅಷ್ಟು ಕೆಟ್ಟವಳಾಗಿದ್ದೂ ಇಲ್ಲ.

ಮೊದಲು ಮದುವೆಯ ವಿಷಯ ಹೇಳಿಬಿಡುತ್ತೇನೆ. ನನಗೆ ಬೇಕಾಗಿದ್ದುದು ಒಂದೇ: ಓದುವ ಗಂಡ. ಹೊಲ ಎಷ್ಟಿದೆ, ಸೈಟು ಎಲ್ಲಿದೆ ಎಂದು ನಾನು ಯಾರನ್ನೂ ಕೇಳಲಿಲ್ಲ. ನೋಡಲು ಬಂದವರನ್ನೆಲ್ಲ "ಈಚೆಗೆ ಯಾವ ಪುಸ್ತಕ ಓದಿದ್ರಿ?" ಎಂದು ಕೇಳುತ್ತಿದ್ದೆ. ಒಬ್ಬ ಕಾರು ಓಡಿಸುವುದನ್ನು ಕಲಿಯುವ ಪುಸ್ತಕ ಎಂದ. ಇನ್ನೊಬ್ಬ ತನ್ನ ತಾಯಿಯ ಮುಖ ನೋಡಿದ. ನಜರ್‌ಬಾದಿನ ನಮ್ಮ ಮನೆಯಲ್ಲಿ ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. "ಓದೋ ಗಂಡೇ ಬೇಕು ಅಂತ ಕುಂತ್ರೆ ಲೈಬ್ರರಿ ಕಂಬಕ್ಕೇ ತಾಳಿ ಕಟ್ಟಿಸ್ಕೋಬೇಕು ನೀನು!" ಎನ್ನುತ್ತಿದ್ದಳು. ಓದಿನಿಂದ ಏನಾಗುತ್ತದೆ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಮನಸ್ಸಿನಲ್ಲಿದ್ದುದನ್ನು ಹೇಳಿಕೊಳ್ಳಲು ಒಬ್ಬ ಮನುಷ್ಯ ಇಲ್ಲದೆ ಬದುಕುವುದು ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ತಿಳಿದಿತ್ತು.

ಲೋಕೇಶನ ಸಂಬಂಧ ಬಂದದ್ದು ಆಗ. ಟೈಲ್ಸ್ ಅಂಗಡಿ ಇತ್ತು. ತಂದೆ ಇಲ್ಲ, ತಾಯಿ ಸರೋಜಮ್ಮ ಇದ್ದರು. ಯಾದವಗಿರಿಯ ಮನೆ ನೋಡಲು ಹೋದೆವು. ಹಾಲಿನಲ್ಲಿ ಗಾಜಿನ ಬೀರು, ಅದರ ತುಂಬ ಪುಸ್ತಕ! ತಡೆಯಲಾಗದೆ ಎದ್ದು ಹೋಗಿ ಒಂದನ್ನು ತೆಗೆದು ನೋಡಿದೆ. ಪುಟದ ಅಂಚಿನಲ್ಲಿ ಅರಿಸಿನದ ಕಲೆ. ಊಟ ಮಾಡುತ್ತಲೇ ಓದುತ್ತಾನೆ, ನನ್ನ ಹಾಗೇ ಎಂದು ಕರಗಿಹೋದೆ.

"ಇವೆಲ್ಲ ಯಾರ್ದು?" ಎಂದೆ.

"ನಂದೇ" ಎಂದ ಲೋಕೇಶ.

ಕಾಫಿ ತಟ್ಟೆ ಹಿಡಿದು ನಿಂತಿದ್ದ ಅವರಮ್ಮ ಮಗನ ಮುಖವನ್ನೊಮ್ಮೆ ನೋಡಿದರು. ಆಮೇಲೆ, "ಸಕ್ಕರೆ ಸಾಕಾ ನೋಡಮ್ಮ" ಎಂದು ನನಗೆ ಲೋಟ ಕೊಟ್ಟರು. ಮಗನ ಬಗ್ಗೆ ಹೆಮ್ಮೆ ಪಡುವ ತಾಯಿ ಎಂದುಕೊಂಡೆ. ಮದುವೆಗೆ ಒಪ್ಪಿದೆ.

ಮದುವೆಯಾದ ಮೇಲೆ ದೇವಸ್ಥಾನಗಳು, ಬೀಗರೂಟ, ನೆಂಟರ ಮನೆಗಳು ಎಂದು ತಿರುಗಿದ್ದೇ ಆಯಿತು. ಪುಸ್ತಕ ಮುಟ್ಟಲು ಇಬ್ಬರಿಗೂ ಪುರುಸೊತ್ತಿಲ್ಲ. ಅತ್ತೆ ಹಗಲೆಲ್ಲ ಅಡುಗೆಮನೆಯಲ್ಲಿ ಇರುತ್ತಿದ್ದರು, ಸಂಜೆ ಸೀರಿಯಲ್ ಮುಂದೆ. ಮಾತು ಕಡಿಮೆ. ನೋಡುವ ನೋಟ ಮಾತ್ರ ಒಳಗಿನವರೆಗೂ ಹೋಗುತ್ತಿತ್ತು. ನನಗೆ ಅವರನ್ನು ಕಂಡರೆ ಹೆದರಿಕೆ. ಅಷ್ಟರಲ್ಲಿ ಆಷಾಢ ಬಂತು. ನಮ್ಮ ಕಡೆ ಹೊಸ ಸೊಸೆ ಆಷಾಢದಲ್ಲಿ ಅತ್ತೆಯ ಮುಖ ನೋಡಬಾರದು, ಇಬ್ಬರೂ ಒಂದೇ ಹೊಸ್ತಿಲು ದಾಟಬಾರದು. ಹುಡುಗಿಯನ್ನು ತವರಿಗೆ ಕಳಿಸುತ್ತಾರೆ. ಗಂಡ ಹೆಂಡತಿಯೂ ಸೇರುವಂತಿಲ್ಲ. ಊರಿಗೆ ಊರೇ ದೂರವಾದರೆ ಬೇರೆ ಮಾತು, ನಮ್ಮದು ಒಂದೇ ಊರಿನೊಳಗೆ ಯಾದವಗಿರಿಯಿಂದ ನಜರ್‌ಬಾದಿಗೆ. ಆಟೋದವನಿಗೆ ಮೀಟರಿಗಿಂತ ಒಂದು ರೂಪಾಯಿ ಹೆಚ್ಚು ಕೊಡದೆ ಅಮ್ಮ ನನ್ನನ್ನು ಮನೆಗೆ ಕರೆತಂದಳು.

ಹೊರಡುವ ಮುಂಚೆ ನಾನೇ ಲೋಕೇಶನಿಗೆ ಹೇಳಿದ್ದೆ. "ರೀ, ಈ ತಿಂಗಳು ಇಬ್ರೂ ಒಂದೇ ಪುಸ್ತಕ ಓದೋಣ. ನಿಮ್ಮ ಬೀರುವಿನಿಂದ ನೀವು ತಗೊಳ್ಳಿ, ನಾನು ಲೈಬ್ರರಿಯಿಂದ ತರ್ತೀನಿ. ದಿನಾ ಸಂಜೆ ಫೋನಲ್ಲಿ ಮಾತಾಡೋಣ." ಅವನು ಬೆವರು ಒರೆಸಿಕೊಂಡು, "ಆಗ್ಲಿ ಕಣೆ" ಎಂದ. ಎದುರಿಗೆ 'ನೀವು', ಬೆನ್ನ ಹಿಂದೆ 'ಅವನು'. ನಾನು ಗಂಡನನ್ನು ಕರೆಯುವುದೇ ಹಾಗೆ. ಬೇರೆಯವರ ಮನೆಗಳಲ್ಲೂ ಹೀಗೇ ಎಂದು ನನಗೆ ಅನುಮಾನವಿದೆ.

ಮದುವೆಗೆಂದು ಕೆಲಸ ಬಿಟ್ಟಿದ್ದರಿಂದ ದಿನವಿಡೀ ನನ್ನದೇ. ಆ ವರ್ಷ ಮಳೆ ಸುರಿಯುತ್ತಲೂ ಇರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಗಾಳಿಯೊಂದು ಬೆಳಗಿನಿಂದ ಸಂಜೆವರೆಗೆ ಬೀಸುತ್ತಿತ್ತು. ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ ಹೊದ್ದು ಕುಳಿತು ಓದುತ್ತಿದ್ದೆ. ಅಮ್ಮ ಕೆಳಗಿನಿಂದ ಊಟಕ್ಕೆ ಕೂಗಿ ಕೂಗಿ ಕೊನೆಗೆ ಬೈದುಕೊಂಡು ತಟ್ಟೆಯನ್ನು ಮೇಲೇ ತರುತ್ತಿದ್ದಳು.

ಮೊದಲು ಓದಿದ್ದು ಬರಗಾಲದಲ್ಲಿ ಮನೆ ನಡೆಸಿದ ಹೆಂಗಸೊಬ್ಬಳ ಕಾದಂಬರಿ. ಅದರಲ್ಲಿ ಅವಳು ರಾಗಿ ಬೀಸುತ್ತಾ ಪುಟಗಟ್ಟಲೆ ಅಳುತ್ತಾಳೆ. ನಾನು ಓದಿ ಅತ್ತಿದ್ದೆ. ಸಂಜೆ ಫೋನಿನಲ್ಲಿ ಹೇಳಿದೆ. ಲೋಕೇಶ, "ಯೋಚ್ನೆ ಮಾಡಿ ನಾಳೆ ಹೇಳ್ತೀನಿ" ಎಂದ. ಮಾರನೆಯ ದಿನ ಹೇಳಿದ: "ರಾಗಿ ಬೀಸೋವಾಗ ಯಾರೂ ಅಂಗೆ ಅಳಲ್ಲ ಕಣೆ. ಹಿಟ್ಟು ಕಣ್ಣಿಗೆ ಮೆತ್ಕೊಳ್ಳುತ್ತೆ. ಬರೆದೋನು ಬೀಸೋ ಕಲ್ಲು ಹಿಡ್ದೋನಲ್ಲ. ಅಳಬೇಕು ಅನ್ನಿಸಿದೋಳು ಈರುಳ್ಳಿ ತಗೊಂಡು ಕೂತ್ಕೋತಾಳೆ."

ನಾನು ದಂಗಾದೆ. ಇಂಥದ್ದನ್ನು ಗಂಡಸೊಬ್ಬ ಹೇಗೆ ಕಂಡ? ಅವನಮ್ಮನನ್ನು ಪ್ರೀತಿಯಿಂದ ಗಮನಿಸಿ ಬೆಳೆದಿದ್ದಾನೆ ಎಂದು ನಾನೇ ಉತ್ತರ ಕೊಟ್ಟುಕೊಂಡೆ.

ಹೀಗೇ ನಡೆಯಿತು. ಇವತ್ತು ನಾನು ಹೇಳುವುದು, ನಾಳೆ ಅವನು ಹೇಳುವುದು. ತಕ್ಷಣ ಬಾಯಿಗೆ ಬಂದದ್ದು ಹೇಳುವುದಿಲ್ಲವಲ್ಲ, ಎಂಥ ಆಳದ ಮನುಷ್ಯ ಎಂದು ಉಬ್ಬಿದೆ. ಗಂಡ ಸತ್ತವಳೊಬ್ಬಳ ಕಥೆ ಬಂತು ಒಂದು ಸಂಕಲನದಲ್ಲಿ. ನನಗೆ ಆ ಹೆಂಗಸು ಅರ್ಥವಾಗಲಿಲ್ಲ. ಅವನು ಯಾರೋ ಹೇಳಿಕೊಟ್ಟು ಕಳಿಸಿದವನ ಹಾಗೆ ನಿಧಾನವಾಗಿ ಹೇಳಿದ. "ಅವ್ಳಿಗೆ ಬಂದಿರೋದು ದುಃಖ ಅಲ್ಲ, ಬಿಡುವು. ಜನ ನೋಡ್ತಾರೆ ಅಂತ ಬಿಡುವಿಗೆ ದುಃಖದ ಮುಖ ಹಾಕ್ಕೊಂಡವ್ಳೆ."

ಆ ರಾತ್ರಿ ನಾನು ಗಂಡನನ್ನು ಪ್ರೀತಿಸಿದೆ. ಮದುವೆಯಾಗಿ ಒಂದೂವರೆ ತಿಂಗಳ ಮೇಲೆ, ಅವನನ್ನು ನೋಡದೆ, ಮುಟ್ಟದೆ, ಒಂದು ಮಾತಿಗೆ. ಮಾರನೆಯ ದಿನದಿಂದ ನನ್ನೊಳಗಿದ್ದುದನ್ನೆಲ್ಲ ಅವನ ಮುಂದೆ ಸುರಿದೆ. ಮಕ್ಕಳು ಈಗಲೇ ಬೇಡ ಎಂದೆ. ಅಪ್ಪ ಇದ್ದಾಗ ಮನೆಯಲ್ಲಿ ಕುಡಿದು ಗಲಾಟೆ ಮಾಡುತ್ತಿದ್ದುದನ್ನು ಹೇಳಿದೆ. ಒಂದು ಸಂಜೆ ಇದನ್ನೂ ಹೇಳಿದೆ: "ರೀ, ಆ ಮನೇಲಿ ನನಗಿರೋ ಮನುಷ್ಯ ಅಂದ್ರೆ ನೀವೊಬ್ರೇ. ನಿಮ್ಮಮ್ಮನ್ನ ಕಂಡ್ರೆ ಭಯ ಆಗುತ್ತೆ. ತಲೇಲಿ ಏನೂ ಇಲ್ಲ, ಬರೀ ಕಣ್ಣು."

"ಆಮೇಲ್ ಮಾತಾಡ್ತೀನಿ ಕಣೆ" ಎಂದು ಲೋಕೇಶ ಫೋನ್ ಇಟ್ಟ. ಅಮ್ಮನನ್ನು ಅಂದದ್ದು ನೋವಾಗಿರಬೇಕು, ಪಾಪ ಎಂದುಕೊಂಡೆ.

ಮುಂದಿನ ತಿಂಗಳು ಏನು ಓದಬೇಕು ಎಂದೂ ಆಗಲೇ ಮಾತಾಡಿಕೊಂಡೆವು. ಶ್ರಾವಣದಲ್ಲಿ ಒಟ್ಟಿಗೆ ಇರುತ್ತೇವಲ್ಲ, ಒಂದೇ ಪುಸ್ತಕವನ್ನು ಒಬ್ಬರು ಓದಿ ಹೇಳುವುದು, ಇನ್ನೊಬ್ಬರು ಕೇಳುವುದು ಎಂದು ನಾನು ಆಸೆಪಟ್ಟೆ. "ಓದಿ ಹೇಳೋದು ನೀನೇ" ಎಂದ ಅವನು ಬಲು ಬೇಗ.

ಆಷಾಢದ ನಡುವಿನ ಶುಕ್ರವಾರ ಬೆಟ್ಟಕ್ಕೆ ಹೋದೆವು, ನಾನೂ ಅಮ್ಮನೂ. ಲೋಕೇಶ ಅಲ್ಲಿಗೆ ಬರುತ್ತಾನೆಂದು ಅಮ್ಮನಿಗೆ ಗೊತ್ತಿತ್ತು, ಗೊತ್ತಿಲ್ಲದಂತೆ ಇದ್ದಳು. ಅತ್ತೆಯ ಹೊಸ್ತಿಲಿಗೆ ತಾನೆ ಕಟ್ಟಳೆ, ಚಾಮುಂಡಿಯ ಹೊಸ್ತಿಲಿಗೆ ಏನಿದೆ? ಅಮ್ಮ ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಬೇಕೆಂದೇ ಹಿಂದೆ ಉಳಿದಳು. ನಾವಿಬ್ಬರೂ ಮೇಲೆ ಹತ್ತಿ, ದರ್ಶನ ಮುಗಿಸಿ, ಪ್ರಸಾದದ ಸಾಲಿನಲ್ಲಿ ನಿಂತು ಕೇಸರಿಬಾತು ಇಸಕೊಂಡೆವು. ಮಂಜು ಕವಿದು ನಾಲ್ಕು ಮಾರು ಆಚೆಗಿನವರ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ನನಗೆ ಎದೆ ತುಂಬಿ ಬಂದಿತ್ತು. ಆ ವಾರದ ಪುಸ್ತಕ ವಕೀಲನೊಬ್ಬನ ಮನೆಯ ಕಥೆ. ಅದನ್ನು ಎದುರೆದುರೇ ಮಾತಾಡುವ ಆಸೆ.

"ವಕೀಲನ ಮಗಳು ಮನೆ ಬಿಟ್ಟು ಹೋಗ್ತಾಳಲ್ಲ ರೀ, ಅದು ಸರೀನಾ?" ಎಂದೆ.

ಅವನ ಬಾಯಲ್ಲಿ ಕೇಸರಿಬಾತು. "ಇರೇ, ಅಮ್ಮ ಇನ್ನೂ ಅಲ್ಲಿಗ್ ಬಂದಿಲ್ಲ" ಎಂದ.

ನಾನು ಹಿಂದೆ ತಿರುಗಿ ನನ್ನಮ್ಮನನ್ನು ಹುಡುಕಿದೆ. ಆಮೇಲೆ ಅವನ ಮುಖ ನೋಡಿದೆ. ಅದು ಬಿಳಿಚಿಕೊಂಡಿತ್ತು.

"ಯಾವಮ್ಮ? ಎಲ್ಲಿಗೆ?"

"ಅಲ್ವೇ, ಈ ವಾರ ಅಮ್ಮಂಗೆ ಮಂಡಿನೋವು. ಜಾಸ್ತಿ ಓದಕ್ಕಾಗಿಲ್ಲ..." ಎಂದು ಶುರುಮಾಡಿದವನು ಎಲ್ಲವನ್ನೂ ಕಕ್ಕಿಬಿಟ್ಟ. "ನಂಗೆ ಅಕ್ಷರ ಕಂಡ್ರೆ ನಿದ್ದೆ ಬರುತ್ತೆ ಕಣೆ. ಪುಸ್ತಕ ಎಲ್ಲ ಅಮ್ಮಂದು. ಒಳ್ಳೆ ಹುಡುಗಿ, ಕೈತಪ್ಪಿ ಹೋಗ್ಬಾರ್ದು ಅಂತ ಅವತ್ತು ನಂದು ಅಂದ್ಬುಟ್ಟೆ."

"ನಾನು ಹೇಳಿದ್ದನ್ನೆಲ್ಲ ಅವರಿಗೆ ಹೋಗಿ ಹೇಳ್ತಿದ್ರಾ?"

"ಹೇಳೋದೇನು ಬಂತು? ನಂಗೆ ಅಷ್ಟೆಲ್ಲ ನೆನಪಿರಲ್ಲ. ಸ್ಪೀಕರ್ ಹಾಕ್ತಿದ್ದೆ."

ನನಗೆ ಮೈಯೆಲ್ಲ ಉರಿಯಿತು. ಮೋಸ ಹೋದ ಸಿಟ್ಟು ಒಂದು ಕಡೆ ಇರಲಿ, ನಾನು ಪ್ರೀತಿಸಿದ ಮನುಷ್ಯ ಇಲ್ಲವೇ ಇಲ್ಲವಲ್ಲ ಎಂಬುದು ಸಂಕಟ. ಎದುರಿಗೆ ನಿಂತಿದ್ದವನು ದೊನ್ನೆ ಹಿಡಿದ ಟೈಲ್ಸ್ ಅಂಗಡಿಯವನು. ಅವನು ಅಳುವ ದನಿಯಲ್ಲಿ, "ನಿಂಗೆ ಗೊತ್ತಾಯ್ತು ಅಂತ ಅಮ್ಮಂಗೆ ಗೊತ್ತಾಗೋದು ಬೇಡ ಕಣೆ, ನೊಂದ್ಕೋತಾಳೆ" ಎಂದ. ಇಲ್ಲ, ಹೇಳುವುದಿಲ್ಲ ಎಂದೆ. ನನಗೆ ಆಗಲೇ ಬೇರೆ ಯೋಚನೆ ಬಂದಿತ್ತು.

ಇಳಿಯುವಾಗ ಅಮ್ಮನಿಗೆ ಹೇಳಿದೆ. ಅವಳು ಮೆಟ್ಟಿಲ ಮೇಲೇ ಕುಸಿದು ಕುಳಿತು, ಕುಂಕುಮದ ಕೈಯಲ್ಲೇ ಹೊಟ್ಟೆ ಹಿಡಿದು ನಕ್ಕಳು. "ಅಯ್ಯೋ ನಿನ್ ಮನೆ ಕಾಯ್ವಾಗ! ಅತ್ತೆ ಮಕ ನೋಡ್ಬಾರ್ದು ಅಂತ ಕರ್ಕೊಂಬಂದ್ರೆ ತಿಂಗ್ಳೆಲ್ಲಾ ಅತ್ತೆ ಜೊತೇಲೇ ಸರಸ ಆಡ್ಬುಟ್ಟಲ್ಲೇ!" ಎಂದಳು. ನಗುವುದನ್ನು ಅವಳು ಮನೆಗೆ ಬರುವವರೆಗೂ ನಿಲ್ಲಿಸಲಿಲ್ಲ. ಹೆತ್ತ ತಾಯಿಗೇ ನನ್ನ ಮೇಲೆ ಕರುಣೆ ಬರಲಿಲ್ಲ.

ಅಂದಿನಿಂದ ನನ್ನ ಪುಸ್ತಕದ ಆಯ್ಕೆ ಬದಲಾಯಿತು. ಲೈಬ್ರರಿಯಲ್ಲಿ ಮಗನನ್ನು ಸೆರಗಿಗೆ ಕಟ್ಟಿಕೊಂಡ ತಾಯಂದಿರ ಕಥೆ ಎಲ್ಲಿದ್ದರೂ ಹುಡುಕಿ ತಂದೆ. ಅಂಥವು ಆ ಬೀರುವಿನಲ್ಲಿ ಇಲ್ಲದಿದ್ದರೆ ಲೋಕೇಶನಿಂದ ಕೊಂಡು ತರಿಸಿದೆ. ಆ ಕಡೆ ಸ್ಪೀಕರ್ ಆನ್ ಆಗಿದೆ, ಅತ್ತೆ ಕೇಳುತ್ತಿದ್ದಾರೆ, ನನಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲ. ಇದಕ್ಕಿಂತ ಹಿತವಾದ ಸ್ಥಿತಿ ಇನ್ನೊಂದಿರಲಿಲ್ಲ.

"ಈ ತಾಯಿ ಮಗನ್ನ ಬೆಳೆಸ್ಲಿಲ್ಲ ರೀ, ಸಾಕಿದಾಳೆ. ಹಸು ಸಾಕ್ದಂಗೆ. ತಲೆ ಆಡಿಸೋದು ಬಿಟ್ರೆ ಅವನಿಗೆ ಇನ್ನೇನೂ ಬರಲ್ಲ" ಎಂದೆ ಒಂದು ಸಂಜೆ.

ಮಾರನೆಯ ದಿನ ಲೋಕೇಶ ಉತ್ತರ ಒಪ್ಪಿಸಿದ. "ಸಾಕಿದ ಹಸೂನ ಹಲ್ಲು ನೋಡಿ, ಬಾಲ ನೋಡಿ ಒಪ್ಕೊಂಡು ಹೊಡ್ಕೊಂಡ್ ಹೋದ್ಮೇಲೆ, ಹಾಲು ತೆಳ್ಳಗಾಯ್ತು ಅಂತ ಸಾಕಿದೋರ್ ಮನೆ ಬಾಗಿಲಿಗೆ ಬರಬಾರ್ದು." ಇಷ್ಟು ಹೇಳಿ, "ಇದ್ಯಾವ ಹಸು ಕಣೆ? ಆ ಪುಸ್ತಕದಲ್ಲಿ ಹಸು ಇದ್ಯಾ?" ಎಂದು ಕೇಳಿದ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮಲ್ಲಿ ಕೂಸು ಗಂಡನೇ. ಅವನು ದಿನವೂ ಫೋನಿಗೆ ಬಂದು ಎರಡೂ ಕಡೆಯ ಬೈಗುಳವನ್ನು ಚೂರೂ ಚೆಲ್ಲದೆ ತಲುಪಿಸುತ್ತಿದ್ದ. ಅದರಲ್ಲಿ ಮುಕ್ಕಾಲುಪಾಲು ತನಗೇ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. "ಒಂದು ಹೆಣ್ಣು ಪುಸ್ತಕ ನೋಡಿ ಗಂಡನ್ನ ಒಪ್ಕೊಂಡ್ರೆ ತಪ್ಪು ಪುಸ್ತಕದ್ದಲ್ಲ" ಎಂದು ಒಮ್ಮೆ ಬಂತು. "ಬರೀ ಕಣ್ಣಿರೋರಿಗೆ ಕಾಣೋದೇ ಜಾಸ್ತಿ" ಎಂದು ಇನ್ನೊಮ್ಮೆ ಬಂತು. ಆಗ ನನಗೆ ಕುಟುಕಿತು, ಆದರೂ ಆ ಮಾತಿನ ಅಚ್ಚುಕಟ್ಟು ನೋಡಿ ಮನಸ್ಸಿನಲ್ಲೇ ಭೇಷ್ ಎಂದೆ. ಬೈಯುತ್ತಲೇ ನಾನು ಸಂಜೆಗಾಗಿ ಕಾಯುತ್ತಿದ್ದೆ. ಇಷ್ಟು ಚೆನ್ನಾಗಿ ನನ್ನ ಮಾತಿಗೆ ಮಾತು ಕೊಟ್ಟವರು ಹುಟ್ಟಿದಾರಭ್ಯ ಯಾರೂ ಇರಲಿಲ್ಲ.

ಆಷಾಢ ಕಳೆದು ಯಾದವಗಿರಿಗೆ ಹೋದೆ. ಅತ್ತೆ ಆರತಿ ಎತ್ತಿ, ನೀರು ಚೆಲ್ಲಿ, "ಬಾಮ್ಮ, ತಲೇಲಿ ಏನೂ ಇಲ್ದೋಳ ಮನೆಗೆ ಬಲಗಾಲಿಟ್ಟು ಬಾ" ಎಂದರು.

ನಾನು ಹೊಸ್ತಿಲಲ್ಲೇ ನಿಂತೆ.

"ನಿಂಗೆ ಗೊತ್ತಾಯ್ತು ಅಂತ ಅವತ್ತೇ ಹೇಳ್ದ. ನೀನು ಬೆಟ್ಟ ಇಳಿಯೋಕ್ ಮುಂಚೇನೇ ಫೋನ್ ಮಾಡ್ಬುಟ್ಟಿದ್ದ. ಯಾವ ಗುಟ್ಟಾದ್ರೂ ಅವನ ಹೊಟ್ಟೇಲಿ ಇಟ್ಟು ನೋಡು, ರಾತ್ರಿ ಕಳೆಯಲ್ಲ."

"ಹಾಗಾದ್ರೆ ಹಸು ಅಂದಿದ್ದು..."

"ಗೊತ್ತಿದ್ದೇ ಅಂದಿದ್ದು. ನೀನೂ ಗೊತ್ತಿದ್ದೇ ಅಂದಿದ್ದು." ಆಮೇಲೆ ಅಡುಗೆಮನೆ ಕಡೆ ನಡೆಯುತ್ತಾ ತಿರುಗದೆಯೇ ಕೇಳಿದರು. "ವಕೀಲನ ಮಗಳ ವಿಷಯ ಅಂಗೇ ನಿಂತೋಯ್ತಲ್ಲ. ಅವಳು ಮನೆ ಬಿಟ್ಟಿದ್ದು ಸರೀನಾ?"

ಅವರು ಬೇಳೆ ಆರಿಸುತ್ತಾ, ನಾನು ಕಾಯಿ ತುರಿಯುತ್ತಾ ಊಟದ ಹೊತ್ತಿನವರೆಗೂ ಜಗಳವಾಡಿದೆವು. ತಾವು ಸೊಸೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ತಾವು ಓದಿದ್ದನ್ನು ಯಾರೂ ಕೇಳಿರಲಿಲ್ಲ ಎಂದು ಅತ್ತೆ ಹೇಳಿದರು. "ಇವನು ಬಂದು, ಅಮ್ಮಾ ಈ ಪುಸ್ತಕದ ಬಗ್ಗೆ ಏನಾದ್ರೂ ಹೇಳಮ್ಮ ಅಂದಾಗ, ನಿಂಗೆ ಮೋಸ ಆಗ್ತಿದೆ ಅಂತ ಗೊತ್ತಿತ್ತು. ಬಾಯಿ ತಡೀಲಿಲ್ಲ ಕಣೆ" ಎಂದರು. ಮಧ್ಯೆ ಲೋಕೇಶ ಬಾಗಿಲಲ್ಲಿ ಬಂದು ನಿಂತ. ನಾವಿಬ್ಬರೂ ಮಾತಾಡುವುದನ್ನು ಕಂಡು ಅವನ ಮುಖ ಅರಳಿತ್ತು. "ನನ್ನಿಂದ ತಾನೆ ಇಷ್ಟೆಲ್ಲ ಆಗಿದ್ದು?" ಎಂದ. ಅತ್ತೆ ತಲೆ ಎತ್ತದೆ, "ಹೂಂ ಕಣೋ. ನಿನ್ ಕೆಲಸ ಮುಗೀತು, ಹೋಗು" ಎಂದರು. ನಾನು ತುರಿಯುವುದನ್ನು ನಿಲ್ಲಿಸಲಿಲ್ಲ.

ಅಲ್ಲಿಂದ ನಮ್ಮ ತಿಂಗಳುಗಳು ಪುಸ್ತಕದ ಲೆಕ್ಕದಲ್ಲೇ ನಡೆದವು. ಓದಿದ್ದರ ಜಗಳ ಊಟಕ್ಕೆ ಕೂತಾಗ, ಮುಂದೆ ಓದಬೇಕಾದ್ದರ ಜಗಳ ತಿಂಗಳ ಕೊನೆಯಲ್ಲಿ. ಲೋಕೇಶ ನಡುವೆ ಕೂತು ಅನ್ನ ಕಲಸುತ್ತಿದ್ದ. ಅವನಿಗೆ ಏನನ್ನೂ ವಿವರಿಸಿ ಹೇಳುತ್ತಿರಲಿಲ್ಲ. ಅವನು ಯಾವುದಾದರೂ ಹೆಸರು ಕೇಳಿ, "ಯಾರವ್ರು?" ಎಂದರೆ, "ನಿನಗೆ ಗೊತ್ತಿಲ್ಲ ಬುಡು" ಎನ್ನುತ್ತಿದ್ದರು ಅತ್ತೆ. ಅವನು ಅವರಿಂದ ಸುಳ್ಳು ಹೇಳಿಸಿದ್ದ, ನನಗೆ ಸುಳ್ಳು ಕೇಳಿಸಿದ್ದ. ಅದರ ಬೆಲೆ ತೆರಲಿ ಎಂದು ನಾವು ಕೂತು ಮಾತಾಡಿಕೊಂಡಿರಲಿಲ್ಲ. ಹಾಗೆ ಮಾತಾಡಿಕೊಳ್ಳುವ ಅಗತ್ಯವೂ ಬೀಳಲಿಲ್ಲ.

ಕಾರ್ತಿಕದ ಚಳಿಯ ಹೊತ್ತಿಗೆ ಲೋಕೇಶ ಒಂದು ಪುಸ್ತಕ ಓದತೊಡಗಿದ್ದು ಗೊತ್ತಾಯಿತು. ಮನೆ ಕಟ್ಟಿಸುವ ಒಬ್ಬ ಮನುಷ್ಯನ ಕಾದಂಬರಿ. ನಾವಿಬ್ಬರೂ ಓದಿ ಮುಗಿಸಿ ಬೀರುವಿಗೆ ಸೇರಿಸಿದ್ದೆವು. ಅವನು ಅದನ್ನು ಅಂಗಡಿಗೆ ಒಯ್ಯುತ್ತಿದ್ದ. ಕುರ್ಚಿಯಲ್ಲಿ ಕೂತರೆ ನಿದ್ದೆ ಬರುತ್ತದೆಂದು ನಿಂತುಕೊಂಡೇ ಓದುತ್ತಾನೆ ಎಂದು ಅಂಗಡಿಯವರು ಹೇಳಿದರು. ವಾರಗಟ್ಟಲೆ ಓದಿದ. ಒಂದು ರಾತ್ರಿ ಊಟಕ್ಕೆ ಕೂತಾಗ, ಪುಸ್ತಕವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದ:

"ಈ ಮನುಷ್ಯ ಇದಾನಲ್ಲ, ಇವನು ಮನೆ ಕಟ್ತಾ ಇಲ್ಲ. ಕಟ್ಟೋದು ಮುಗೀದಂಗೆ ನೋಡ್ಕೊತಾ ಇದಾನೆ. ಮುಗಿದ್ಬುಟ್ರೆ ಒಳಗೋಗಿ ಹೆಂಡ್ತಿ ಎದುರಿಗೆ ಕೂರಬೇಕಲ್ಲ, ಅದಕ್ಕೆ ಭಯ. ನಮ್ ಅಂಗಡಿಗೂ ಇಂಥೋರು ಬರ್ತಾರೆ. ಒಂದು ಟೈಲ್ಸ್ ಆರಿಸೋಕೆ ವರ್ಷ ತಗೋತಾರೆ. ಬಣ್ಣ ಸರಿಯಿಲ್ಲ ಅಂತಾರೆ. ಬಣ್ಣ ಸರಿಯಾಗೇ ಇರುತ್ತೆ."

ನಾನು ಕೈಯಲ್ಲಿದ್ದ ತುತ್ತನ್ನು ಹಾಗೇ ಹಿಡಿದಿದ್ದೆ. ನಾವಿಬ್ಬರೂ ವಾರವೆಲ್ಲ ಕಿತ್ತಾಡಿದರೂ ಆ ಮಾತು ನಮಗೆ ಹೊಳೆದಿರಲಿಲ್ಲ. ಅದು ಅವನದೇ ಮಾತು. ಟೈಲ್ಸಿನ ವಿಷಯ ನನಗೂ ಬರುವುದಿಲ್ಲ, ಅತ್ತೆಗೂ ಬರುವುದಿಲ್ಲ. ಓದುವ ಗಂಡ ಬೇಕೆಂದು ನಾನು ಎಷ್ಟು ವರ್ಷ ಕಾದಿದ್ದೆನೋ, ಅವನು ಆ ರಾತ್ರಿ ನನ್ನ ಎದುರು ಬಂದು ಕೂತಿದ್ದ.

ಅತ್ತೆ ನನ್ನ ಕಡೆ ತಿರುಗಿದರು. "ಯಾವಾಗೇ ಹೇಳ್ಕೊಟ್ಟೆ?"

"ನಾನಲ್ಲಪ್ಪ" ಎಂದೆ. "ನೀವು ಅಂದ್ಕೊಂಡೆ."

ಇಬ್ಬರೂ ನಕ್ಕೆವು. ಅತ್ತೆಗೆ ನೆತ್ತಿಗೆ ಹತ್ತಿ ನೀರು ಕುಡಿಯಬೇಕಾಯಿತು. ಲೋಕೇಶ ಒಮ್ಮೆ ಅವರ ಮುಖ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಮೊದಲು ತಾನೂ ಸ್ವಲ್ಪ ನಕ್ಕ. ಆಮೇಲೆ ಮಜ್ಜಿಗೆ ಅನ್ನ ಬಿಟ್ಟು ಎದ್ದು ಕೈ ತೊಳೆದುಕೊಂಡು ಬಂದು, ಪುಟದ ಗುರುತಿಗೆ ಇಟ್ಟಿದ್ದ ಟೈಲ್ಸ್ ಕಂಪನಿಯ ಕಾರ್ಡನ್ನು ಹೊರಗೆ ಎಳೆದು ಜೇಬಿಗೆ ಹಾಕಿಕೊಂಡ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬಾಗಿಲು ಮುಚ್ಚಿದ.

ಅವನಿಗೆ ಇನ್ನೊಂದು ಅಧ್ಯಾಯ ಉಳಿದಿತ್ತು. ಆ ಮನುಷ್ಯ ಕೊನೆಗೆ ಮನೆಯೊಳಗೆ ಹೋದನೋ ಇಲ್ಲವೋ ಎಂದು ಅವನು ಇವತ್ತಿನವರೆಗೆ ಕೇಳಿಲ್ಲ. ನಾವೂ ಹೇಳಿಲ್ಲ.